ಗರ್ಲ್ ಎಂದರೆ ಮಗಳು

ಜಯನಗರ, ಬೆಂಗಳೂರು
12 ನವೆಂಬರ್ 1995

ತಮ್ಮ ಗುರುಸಿದ್ದ,

ನಾನು ಸುಖವಾಗಿ ಮುಟ್ಟಿದ್ದೇನೆ, ಕೆಲಸಕ್ಕೂ ಸೇರಿದ್ದೇನೆ. ಈ ಕಾಗದವನ್ನು ಅವ್ವನ ಮುಂದೆ ಗಟ್ಟಿಯಾಗಿ ಓದು. ನಡುವೆ ಅಪ್ಪನಿಗೆ ಕೆಮ್ಮು ಬಂದರೆ ನಿಲ್ಲಿಸಿ, ಆಮೇಲೆ ಮುಂದುವರಿಸು.

ಮೊದಲು ಬಿಟಿಎಂ ಲೇಔಟಿನಲ್ಲಿ ದಾನಮ್ಮನ ಖೋಲಿಯಲ್ಲಿ ಇಳಿದುಕೊಂಡೆ. ನಮ್ಮ ಓಣಿಯಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದವಳು ಈಗ ಗಾರ್ಮೆಂಟ್ಸಿನಲ್ಲಿ ಮಷಿನ್ ತುಳಿಯುತ್ತಾಳೆ. ನನಗೆ ಹೊಲಿಗೆ ಬರುವುದಿಲ್ಲವಲ್ಲ. ಅವಳ ಮನೆ ಮಾಲೀಕರು ಜಯನಗರದ ಈ ಮನೆಯನ್ನು ಗೊತ್ತು ಮಾಡಿಕೊಟ್ಟರು. ಯಜಮಾನರ ಹೆಸರು ಬದರಿನಾಥ, ಬ್ಯಾಂಕಿನಲ್ಲಿ ಆಫೀಸರು. ಅವರ ಹೆಂಡತಿಯನ್ನು ನಾನು ಮೇಡಂ ಅನ್ನುತ್ತೇನೆ. ಅರ್ಪಿತ ಅಂತ ಒಬ್ಬಳೇ ಮಗಳು, ನಾಲ್ಕನೇ ಕ್ಲಾಸು. ನಾನು ಇರುವುದೂ ಮಲಗುವುದೂ ಇಲ್ಲಿಯೇ.

ಇವರು ಜೋರು ಮಾಡಿ ಮಾತಾಡುವುದಿಲ್ಲ. ಹಾಲು ಉಕ್ಕಿ ಹೋದರೂ, "ಅಯ್ಯೋ ಹೋಗ್ಲಿ ಬಿಡು ಮಧು, ಸ್ಟವ್ ಒರೆಸ್ಬಿಡು," ಅನ್ನುತ್ತಾರೆ, ಅಷ್ಟೇ. ನಮ್ಮ ಮಾತು ಅವರಿಗೆ ನಗು ತರಿಸುತ್ತದೆ. "ಏನೋ 'ಹೌದ್ರಿ' ಅಂತೀಯಲ್ಲ, ಇನ್ನೊಂದ್ ಸಲ ಅನ್ನು," ಎಂದು ಅರ್ಪಿತ ಹಿಂದೆ ಹಿಂದೆ ಬರುತ್ತಾಳೆ. ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ ನೋಡಿದರು.

ಅವ್ವನಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಮೊನ್ನೆ ಮೇಡಂ ಫೋನಿನಲ್ಲಿ ಯಾರ ಜೊತೆಗೋ ಇಂಗ್ಲಿಷಿನಲ್ಲಿ ಮಾತಾಡುತ್ತ, ನನ್ನ ಕಡೆ ನೋಡಿ ನಕ್ಕು, "ಮೈ ಗರ್ಲ್" ಅಂದರು. ಮೈ ಅಂದರೆ ನನ್ನ ಅನ್ನುವುದು ನನಗೂ ಗೊತ್ತು. ಗರ್ಲ್ ಅಂದರೆ ಹುಡುಗಿ. ನನ್ನ ಹುಡುಗಿ! ಮರುದಿನ ಅರ್ಪಿತ ಚಿತ್ರ ಬರೆಯುವುದರಲ್ಲಿ ಬಹುಮಾನ ತಂದಾಗ ಅವಳನ್ನು ಅಪ್ಪಿಕೊಂಡು ಅದೇ ಮಾತು: "ದಟ್ಸ್ ಮೈ ಗರ್ಲ್." ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಅದೇ, ನನಗೂ ಅದೇ. ನಾನು ಇಂಗ್ಲಿಷಿನಲ್ಲಿ ಫೇಲಾದವಳು. ನೀನು ಪಿಯುಸಿ ಓದುವವನು. ಕಾಲೇಜಿನಲ್ಲಿ ಸರಿಯಾಗಿ ಕೇಳಿ, ಆ ಪದಕ್ಕೆ ಏನೇನು ಅರ್ಥ ಇದೆ ಅಂತ ಅವ್ವನಿಗೆ ಹೇಳು. ಪರವೂರಿಗೆ ಮಗಳನ್ನು ಕಳಿಸಿದೆ ಅಂತ ಅವಳು ಕಣ್ಣೀರು ಹಾಕುವುದು ಬೇಡ.

ನಿನ್ನ ಅಕ್ಕ,
ಮಧುಮತಿ


ಗುಳೇದಗುಡ್ಡ
30 ನವೆಂಬರ್ 1995

ಅಕ್ಕಾ,

ಕಾಗದ ಬಂತು. ಅವ್ವ ಅದನ್ನು ಮೂರು ಸಲ ಓದಿಸಿದಳು. ಮರುದಿನ ನೂಲು ಸುತ್ತಲು ಹೋದ ನೇಕಾರರ ಮನೆಯಲ್ಲಿಯೂ ಬಾಯಿಪಾಠ ಒಪ್ಪಿಸಿ ಬಂದಿದ್ದಾಳೆ.

ನೀನು ಹೇಳಿದಂತೆ ನಮ್ಮ ಇಂಗ್ಲಿಷ್ ಲೆಕ್ಚರರ್ ಕರಿಬಸವಯ್ಯನವರನ್ನು ಕೇಳಿದೆ. ಅವರಿಗೆ ಇಂಥದ್ದನ್ನು ಕೇಳಿದರೆ ಬಹಳ ಖುಷಿ. ಬೋರ್ಡಿನ ಮೇಲೆ ಬರೆದೇ ಬಿಟ್ಟರು. ಹಿಂದೆ, ಬಹಳ ಹಿಂದೆ, ಆ ದೇಶದಲ್ಲಿ ಗಂಡು ಮಗುವಿಗೂ ಗರ್ಲ್ ಅಂತಲೇ ಅನ್ನುತ್ತಿದ್ದರಂತೆ. ಬರಬರುತ್ತ ಹೆಣ್ಣಿಗೆ ಮಾತ್ರ ಉಳಿಯಿತಂತೆ. ಈಗ ಅದರ ಅರ್ಥ ಹುಡುಗಿ. ಮಗಳು ಅಂತಲೂ ಆಗುತ್ತದೆ. ಹುಡುಗನೊಬ್ಬ ಮೈ ಗರ್ಲ್ ಅಂದರೆ ಅದು ಬೇರೆ; ಅಲ್ಲಿ ಇಡೀ ಕ್ಲಾಸು ನಕ್ಕಿತು. ವಯಸ್ಸಾದ ಹೆಂಗಸರು ತಮ್ಮ ಗೆಳತಿಯರನ್ನೆಲ್ಲ ಸೇರಿಸಿ ಗರ್ಲ್ಸ್ ಅಂದುಕೊಳ್ಳುತ್ತಾರಂತೆ.

ಇನ್ನೊಂದು ಅರ್ಥವೂ ಇದೆ. ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮನೆಗೆಲಸದಾಕೆಗೂ ಗರ್ಲ್ ಅನ್ನುತ್ತಾರಂತೆ, ಆಕೆಗೆ ಎಷ್ಟೇ ವಯಸ್ಸಾಗಿರಲಿ. "ಪದಾ ಒಂದ ತಮ್ಮಾ. ಯಾರು ಯಾರಿಗೆ ಅಂದ್ರು ಅನ್ನೂದರ ಮ್ಯಾಲ ಅರ್ಥ," ಎಂದರು ಸರ್.

ಅವ್ವನಿಗೆ ಮಗಳು ಅನ್ನುವ ಅರ್ಥ ಮಾತ್ರ ಹೇಳಿದ್ದೇನೆ. ಉಳಿದದ್ದು ನಿನಗೆ ಗೊತ್ತಿರಲಿ ಎಂದು ಬರೆದೆ.

ಅಪ್ಪನ ಕೆಮ್ಮು ಹಾಗೆಯೇ ಇದೆ. ನೀನು ಕಳಿಸಿದ ದುಡ್ಡಿನಲ್ಲಿ ಔಷಧಿ ತಂದೆವು.

ನಿನ್ನ ತಮ್ಮ,
ಗುರುಸಿದ್ದ


ಜಯನಗರ
19 ಡಿಸೆಂಬರ್ 1995

ಗುರುಸಿದ್ದ,

ನಿನ್ನ ಕೊನೆಯ ಅರ್ಥ ಓದಿ ಸಿಟ್ಟು ಬಂತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಸರ್ ಈ ಮನೆಯನ್ನು ನೋಡಿದ್ದಾರಾ? ನೀನು ನೋಡಿದ್ದೀಯಾ?

ನನಗೆ ಜ್ವರ ಬಂದಾಗ ಮೇಡಂ ತಾವೇ ಗಂಜಿ ಕಾಯಿಸಿ ಕೊಟ್ಟರು. ನನಗಾಗಿಯೇ ಹೊಸ ಸ್ಟೀಲ್ ತಟ್ಟೆ, ಲೋಟ ತಂದಿದ್ದಾರೆ. ಬೇರೆಯವರದರ ಜೊತೆ ಬೆರೆಯಬಾರದು ಅಂತ ಹಿತ್ತಲ ಕಿಟಕಿಯ ಮೇಲೆ ಬೇರೆಯೇ ಇಟ್ಟಿರುತ್ತಾರೆ. ಊರಲ್ಲಿ ನನಗಾಗಿ ಅಂತ ಬೇರೆ ಲೋಟ ಯಾವಾಗ ಇತ್ತು? ಟಿವಿ ನೋಡುವಾಗ ನಾನು ಕೆಳಗೆ ಕೂತರೆ ಅರ್ಪಿತ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗುತ್ತಾಳೆ. ಕೆಲಸದವಳ ತೊಡೆಯ ಮೇಲೆ ಯಾರ ಮಕ್ಕಳಾದರೂ ಮಲಗುತ್ತಾರೇನು? ಇನ್ನೊಮ್ಮೆ ಹಾಗೆ ಬರೆಯಬೇಡ. ಅವ್ವನ ಕಿವಿಗಂತೂ ಹಾಕಲೇಬೇಡ.

ಒಳ್ಳೆಯ ಸುದ್ದಿ ಕೇಳು. ಇವರು ಜೆ.ಪಿ. ನಗರದಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. ಫೆಬ್ರುವರಿಯಲ್ಲಿ ಗೃಹಪ್ರವೇಶ. "ನಮ್ಮವ್ವನ್ನ ಕರಸ್ಲೇನ್ರಿ ಮೇಡಂ?" ಅಂತ ಕೇಳಿದೆ. "ಕರ್ಸು, ಅದಕ್ಕೇನಂತೆ. ಅವತ್ತು ಒಂದ್ ಕೈ ಹೆಚ್ಚಿದ್ರೆ ಒಳ್ಳೇದೇ," ಅಂದರು. ದಾನಮ್ಮ ಸಂಕ್ರಾಂತಿಗೆ ಊರಿಗೆ ಬರುತ್ತಾಳೆ. ವಾಪಸು ಬರುವಾಗ ಅವ್ವನನ್ನೂ ಕರೆತರಲಿ. ಒಳ್ಳೆಯ ಸೀರೆ ಉಟ್ಟುಕೊಂಡು ಬರಲು ಹೇಳು.

ನಿನ್ನ ಅಕ್ಕ,
ಮಧುಮತಿ


ಗುಳೇದಗುಡ್ಡ
27 ಜನವರಿ 1996

ಅಕ್ಕಾ,

ನಾನು ಬರೆದದ್ದು ತಪ್ಪಾಯಿತು. ಮತ್ತೆ ಆ ಮಾತು ಎತ್ತುವುದಿಲ್ಲ.

ಅವ್ವನ ತಯಾರಿ ನೋಡಿದರೆ ನಗು ಬರುತ್ತದೆ. ಬೀಗರ ಮನೆಗೆ ಹೊರಟವಳಂತೆ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ರೊಟ್ಟಿ, ಗುರೆಳ್ಳು ಚಟ್ನಿ ಎಲ್ಲ ಕಟ್ಟಿಸಿದ್ದಾಳೆ. ತಾನು ನೂಲು ಸುತ್ತುವ ಮನೆಯಿಂದ ಕುಪ್ಪಸಕ್ಕೆ ಒಂದು ರೇಷ್ಮೆ ಖಣ ತಂದಿದ್ದಾಳೆ. "ಆಕೀ ನನ್ನ ಮಗಳನ್ನ ಮಗಳು ಅಂದಾಳ. ನನಗ ತಂಗಿ ಆದಳಲ್ಲ. ಬರೇ ಕೈಲೆ ಹ್ಯಾಂಗ ಹೋಗ್ಲಿ? ಉಡಿ ತುಂಬಿ ಬರ್ತೀನಿ," ಅನ್ನುತ್ತಾಳೆ. ಅಪ್ಪ ಹಾಸಿಗೆಯಲ್ಲಿ ಕೂತೇ, "ಖಣದ ಬಣ್ಣ ದೊಡ್ಡ ಮಂದೀಗೆ ಸೇರತೈತೋ ಇಲ್ಲೋ," ಅಂದರು. ಅವ್ವ ಮತ್ತೆ ಹೋಗಿ ಬಣ್ಣ ಬದಲಿಸಿ ತಂದಳು.

ನನಗೆ ಪರೀಕ್ಷೆ ಹತ್ತಿರ, ಬರಲು ಆಗುವುದಿಲ್ಲ. ದಾನಮ್ಮ ಈ ಸಲ ರಜೆ ಹೆಚ್ಚು ತೆಗೆದುಕೊಂಡು ಬಂದಿದ್ದಾಳೆ. ಅವಳು ಹೊರಡುವ ದಿನವೇ ಅವ್ವನನ್ನೂ ಬಸ್ಸು ಹತ್ತಿಸುತ್ತೇನೆ. ಅಕ್ಕಾ, ಅವ್ವ ಇದುವರೆಗೆ ಹುಬ್ಬಳ್ಳಿ ದಾಟಿದವಳಲ್ಲ. ಅವಳ ಜೊತೆಗೇ ಇರು.

ನಿನ್ನ ತಮ್ಮ,
ಗುರುಸಿದ್ದ


ಗುಳೇದಗುಡ್ಡ
26 ಫೆಬ್ರುವರಿ 1996

ಅಕ್ಕಾ,

ಅವ್ವ ಹೋದ ಸೋಮವಾರ ಬೆಳಿಗ್ಗೆ ಬಂದು ಮುಟ್ಟಿದಳು. ಗೃಹಪ್ರವೇಶ ಮುಗಿದ ಸಂಜೆಯೇ ಬಸ್ಸು ಹತ್ತಿದಳಂತೆ. ಇನ್ನೂ ನಾಲ್ಕು ದಿನ ಇರಬೇಕು ಅಂತ ತಾನೇ ಹೋಗಿದ್ದು?

"ಹೆಂಗಾತು?" ಅಂತ ಕೇಳಿದರೆ, "ಛಲೋ ಆತು," ಅಂದಳು. ಮನೆ ಹೇಗಿದೆ ಅಂದರೆ, "ದೊಡ್ಡದೈತಿ." ಮೇಡಂ ಹೇಗಿದ್ದಾರೆ ಅಂದರೆ, "ಛಲೋ ಅದಾರ." ಊಟಕ್ಕೆ ಏನೇನಿತ್ತು ಅಂತ ಅಪ್ಪ ಕೇಳಿದರು. ಅವ್ವ ಒಲೆಗೆ ಕಟ್ಟಿಗೆ ಹಾಕುತ್ತಿದ್ದವಳು ಹಾಗೆಯೇ ಎದ್ದು ಹೊರಗೆ ಹೋದಳು.

ಖಣ ಅವಳ ಚೀಲದಲ್ಲೇ ಇತ್ತು. ಮಡಿಕೆ ಬಿಚ್ಚಿಲ್ಲ. ಏನಾಯಿತು ಅಕ್ಕಾ? ನೀನೂ ಒಂದು ಸಾಲು ಬರೆದಿಲ್ಲ.

ಗುರುಸಿದ್ದ


ಗುಳೇದಗುಡ್ಡ
22 ಮಾರ್ಚ್ 1996

ಅಕ್ಕಾ,

ಹಿಂದಿನ ಕಾಗದ ಮುಟ್ಟಲಿಲ್ಲವೇನೋ ಎಂದು ಮತ್ತೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹೇಳಿದರೆ ಅವ್ವ ಬೇರೆ ಮಾತು ತೆಗೆಯುತ್ತಾಳೆ. ಓಣಿಯವರು ಕೇಳಿದರೆ ಮಾತ್ರ, "ನನ್ನ ಮಗಳನ್ನ ಅಲ್ಲಿ ಮಗಳಗತೆ ನೋಡ್ಕೊಂಡಾರ," ಅನ್ನುತ್ತಾಳೆ. ಕೇಳುತ್ತ ನಿಲ್ಲುವುದು ನನಗೆ ಕಷ್ಟವಾಗುತ್ತಿದೆ.

ನೀನು ಹೇಗಿದ್ದೀ ಅಂತಲಾದರೂ ತಿಳಿಸು.

ಗುರುಸಿದ್ದ


ಬಿಟಿಎಂ ಲೇಔಟ್
14 ಏಪ್ರಿಲ್ 1996

ತಮ್ಮಾ,

ನಿನ್ನ ಎರಡೂ ಕಾಗದ ಮುಟ್ಟಿವೆ. ಎರಡನೆಯದನ್ನು ದಾನಮ್ಮ ಆ ಮನೆಯಿಂದ ಇಸಿದುಕೊಂಡು ಬಂದಳು. ನಾನು ಅಲ್ಲಿ ಕೆಲಸ ಬಿಟ್ಟಿದ್ದೇನೆ. ಈಗ ದಾನಮ್ಮನ ಜೊತೆ ಇದ್ದೇನೆ. ಅವಳ ಗಾರ್ಮೆಂಟ್ಸಿನಲ್ಲೇ ಬಟ್ಟೆಯ ದಾರದ ತುದಿ ಕತ್ತರಿಸುವ ಕೆಲಸ ಸಿಕ್ಕಿದೆ.

ಈ ಕಾಗದ ನಿನಗೆ ಮಾತ್ರ. ಅವ್ವನ ಮುಂದೆ ಓದಬೇಡ.

ಗೃಹಪ್ರವೇಶದ ದಿನ ನಾನು ಅವ್ವನನ್ನು ಆಟೋದಲ್ಲಿ ಜೆ.ಪಿ. ನಗರಕ್ಕೆ ಕರೆದುಕೊಂಡು ಹೋದೆ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ಹಣೆಯ ತುಂಬ ಕುಂಕುಮ. ಬಾಗಿಲಲ್ಲಿ ಮೇಡಂ, "ಬನ್ನಿ ಬನ್ನಿ," ಅಂದರು. ಅವ್ವ ಬುತ್ತಿಯ ಗಂಟು ಕೊಟ್ಟಳು. ಅವರು ಅದನ್ನು ಅಡುಗೆ ಭಟ್ಟರ ಕಡೆಯ ಆಳಿನ ಕೈಗೆ ದಾಟಿಸಿದರು. ಅವಸರದಲ್ಲಿದ್ದಾರೆ ಅಂದುಕೊಂಡೆ. ಆ ಹೋಳಿಗೆಯನ್ನು ಡ್ರೈವರುಗಳು ತಿನ್ನುತ್ತಿದ್ದುದನ್ನು ಆಮೇಲೆ ಕಂಡೆ.

ಅವ್ವ ಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋಗಿ ಬಂದಳು. "ಮಗಳ, ನಾ ಹಿಂದ ಕುಂದರ್ತೀನಿ. ಪಾತ್ರೆ ಗೀತ್ರೆ ಇದ್ರ ತೊಳೀತೀನಿ," ಅಂದಳು. ನಾನೇ ಬಿಡಲಿಲ್ಲ. "ನೀ ಪಾತ್ರೆ ತೊಳ್ಯಾಕ ಬಂದೀ ಏನು? ಇದು ನಮ್ಮ ಮನೀನ," ಅಂದೆ. ಮೊದಲ ಪಂಕ್ತಿಗೆ ಎಲೆ ಹಾಕಿದ್ದರು. ಅವ್ವನ ಕೈ ಹಿಡಿದು ಹೆಂಗಸರ ಸಾಲಿನ ಕೊನೆಯಲ್ಲಿ ಕೂಡಿಸಿದೆ. ನಾನೇ ಕೂಡಿಸಿದೆ, ಇದನ್ನು ನೆನಪಿಟ್ಟುಕೊ. ನೀರು ಬಡಿಸೋಣ ಅಂತ ಜಗ್ಗು ತರಲು ಒಳಗೆ ಹೋದೆ.

ನಾನು ಬರುವಷ್ಟರಲ್ಲಿ ಎಲೆಗೆ ಉಪ್ಪು, ಕೋಸಂಬರಿ, ಪಲ್ಯ ಬಿದ್ದಿದ್ದವು. ಮೇಡಂ ಅವರ ಅತ್ತೆ ಸಾಲಿನ ತುದಿಗೆ ಬಂದು ನಿಂತು, "ಇದ್ಯಾರು?" ಅಂದರು. ಮೇಡಂ ಇಂಗ್ಲಿಷಿನಲ್ಲಿ ಮೆಲ್ಲಗೆ, "ಮೈ ಗರ್ಲ್ಸ್ ಮದರ್," ಅಂದರು. ನನ್ನ ಹುಡುಗಿಯ ತಾಯಿ! ಆ ಗಳಿಗೆಯಲ್ಲೂ ನನಗೆ ಹಿಗ್ಗಾಯಿತು ಕಣೋ. ಆಗ ಅವರ ಅತ್ತೆ ಎಲ್ಲರಿಗೂ ಕೇಳುವಂತೆ, "ಯಾರು, ಕೆಲಸದವಳ ತಾಯೀನಾ? ಪಂಕ್ತೀಲಿ ಕೂರ್ಸಿದ್ದೀರಲ್ಲ! ಬಡಿಸೋದ್ ನಿಲ್ಸಿ," ಅಂದರು.

ಬಡಿಸುವವರು ನಿಂತರು. ಸಾಲಿನವರೆಲ್ಲ ಕತ್ತು ಚಾಚಿ ನೋಡಿದರು. ಮೇಡಂ ನನ್ನ ಮುಖ ನೋಡದೆ, "ಮಧು, ಅಮ್ಮನ್ನ ಹಿಂದ್ಗಡೆ ಕರ್ಕೊಂಡ್ ಹೋಗು. ಆಮೇಲೆ ಊಟ ಮಾಡ್ಬಹುದು," ಅಂದರು.

ಇಷ್ಟೇ ಆಗಿದ್ದರೆ ನಿನಗೆ ಅವತ್ತೇ ಬರೆಯುತ್ತಿದ್ದೆ. ಅಳುತ್ತ ಬರೆಯುತ್ತಿದ್ದೆ, ಅವರನ್ನು ಬೈದು ಬರೆಯುತ್ತಿದ್ದೆ. ಬರೆಯಲಾಗದ್ದು ಮುಂದಿನದು.

ನಾನು ಜಗ್ಗು ಹಿಡಿದು ನಿಂತವಳು ಅವ್ವನ ಮೇಲೆ ಚೀರಿದೆ. "ಯಾರು ನಿನಗ ಇಲ್ಲಿ ಕೂಡು ಅಂದ್ರು? ಅಷ್ಟೂ ತಿಳಿಯೂದಿಲ್ಲೇನು? ಏಳು ಮೊದ್ಲ," ಅಂದೆ.

ಅವ್ವ ಒಮ್ಮೆ ನನ್ನ ಮುಖ ನೋಡಿದಳು. 'ನೀನ ಕೂಡಿಸಿದ್ಯಲ್ಲ' ಅಂತ ಅನ್ನಲಿಲ್ಲ. ಬಡಿಸಿದ ಎಲೆಯನ್ನು ಮಡಚಿ, ಬೇರೆಯವರು ಎತ್ತುವುದು ಬೇಡ ಅಂತ ತನ್ನ ಕೈಯಲ್ಲೇ ಹಿಡಿದುಕೊಂಡು ಎದ್ದಳು. ಸಾಲಿನಲ್ಲಿ ಯಾರೋ, "ಪಾಪ, ಹಳ್ಳಿಯವ್ರು, ಅವ್ರಿಗೇನ್ ಗೊತ್ತಾಗುತ್ತೆ," ಅಂದರು. ನಾನು ಅವರ ಕಡೆ ನೋಡಿ ಹಲ್ಲು ಕಿರಿದೆ. ಹೌದು, ಇವಳಿಗೆ ಗೊತ್ತಾಗುವುದಿಲ್ಲ ಅನ್ನುವಂತೆ. ಆ ನಗು ಈಗಲೂ ನನ್ನ ಮುಖಕ್ಕೆ ಅಂಟಿಕೊಂಡ ಹಾಗಿದೆ. ಎಷ್ಟು ಸಲ ಮುಖ ತೊಳೆದರೂ ಹೋಗುವುದಿಲ್ಲ.

ಆಮೇಲೆ ಹಿತ್ತಲಲ್ಲಿ ಊಟ ಕೊಟ್ಟರು. ಅವ್ವ, "ಹಸಿವಿಲ್ಲ," ಅಂದಳು. ಸಂಜೆ ಬಸ್ಸು ಹತ್ತಿಸಲು ದಾನಮ್ಮ ಹೋದಳು. ನಾನು ಹೋಗಲಿಲ್ಲ. ಪಾತ್ರೆ ರಾಶಿ ಬಿದ್ದಿತ್ತು ಅಂತ ನೆಪ ಹೇಳಿದೆ.

ಅದಾದ ಮೇಲೂ ಒಂದು ತಿಂಗಳು ಅಲ್ಲೇ ಇದ್ದೆ. ಯಾರೂ ಏನೂ ಆಗಿಲ್ಲ ಅನ್ನುವಂತೆ ಇದ್ದರು. ಒಂದು ದಿನ ಮೇಡಂ ಫೋನಿನಲ್ಲಿ ಮತ್ತೆ ಆ ಮಾತು ಅಂದರು. ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು, "ನಾ ಹೊಂಡ್ತೀನ್ರಿ," ಅಂದೆ. ಯಾಕೆ ಅಂತ ಕೇಳಿದರು. ನಾನು ಬಟ್ಟೆಯ ಗಂಟು ಕಟ್ಟಿದೆ. ಅವ್ವನನ್ನು ಎಬ್ಬಿಸಿದವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಮುಖ ಇದೆ?

ನೀನು ಆ ಕೊನೆಯ ಅರ್ಥ ಬರೆದಾಗ ನಾನು ನಂಬಲಿಲ್ಲ ಅಂದುಕೊಂಡಿದ್ದೀಯಾ? ನಂಬಿದ್ದೆ. ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಮಧುಮತಿ


ಗುಳೇದಗುಡ್ಡ
5 ಮೇ 1996

ಅಕ್ಕಾ,

ನಿನ್ನ ಕಾಗದ ಓದಿ ಆ ದಿನವೆಲ್ಲ ನಿನ್ನ ಮೇಡಂ ಮೇಲೆ ಸಿಟ್ಟು, ನಿನ್ನ ಮೇಲೂ ಸಿಟ್ಟು. ಬಸ್ಸು ಹತ್ತಿ ಬಂದು ಬೈಯಬೇಕು ಅನ್ನಿಸಿತು.

ಮರುದಿನ ರಿಸಲ್ಟ್ ಯಾವಾಗ ಅಂತ ಕೇಳಲು ಕಾಲೇಜಿಗೆ ಹೋದವನು ಕ್ಯಾಂಟೀನಿನಲ್ಲಿ ಕೂತೆ. "ಏ ಹುಡುಗಾ, ನೀರು ತಾ," ಅಂದೆ. ಟೇಬಲ್ ಒರೆಸುವ ಮನುಷ್ಯ ನೀರು ತಂದಿಟ್ಟ. ಮೀಸೆಯೆಲ್ಲ ಬೆಳ್ಳಗಾಗಿದೆ ಅವನದು. ಎರಡು ವರ್ಷದಿಂದ ನಾವೆಲ್ಲ ಅವನನ್ನು ಹುಡುಗಾ ಅಂತಲೇ ಕರೆಯುತ್ತಿದ್ದೇವೆ. ಇದಕ್ಕೆ ಇಂಗ್ಲಿಷ್ ಪದ ಬೇಕಾಗಿರಲಿಲ್ಲ. ಹೆಸರು ಕೇಳಿದೆ. ಏನೋ ದೂರು ಕೊಡುತ್ತೇನೆ ಅಂದುಕೊಂಡು ಹೆದರಿ, "ಏನ್ ತಪ್ಪಾತ್ರಿ?" ಅಂದ. ಮತ್ತೆ ಕೇಳಿದ ಮೇಲೆ, "ಹೊಳೆಪ್ಪ ಅಂತಾರ್ರಿ," ಅಂದ. ಅವನನ್ನು ಹೊಳೆಪ್ಪನವರೇ ಅನ್ನಲೂ ನನಗೆ ನಾಲಿಗೆ ಹೊರಳಲಿಲ್ಲ. ನೀರು ಕುಡಿದು ಎದ್ದು ಬಂದೆ. ನಿನ್ನನ್ನು ಬೈಯುವ ಶಕ್ತಿ ಅಲ್ಲಿಗೇ ಮುಗಿಯಿತು.

ಅವ್ವನಿಗೆ ನಿನ್ನ ಕಾಗದ ಬಂದದ್ದು ಗೊತ್ತಾಗಿದೆ. ಪೋಸ್ಟ್‌ಮನ್ ಅವಳ ಎದುರಿಗೇ ಕೊಟ್ಟದ್ದು. ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಅವಳೇ, "ಓದಬ್ಯಾಡ. ಅದು ನಿನಗ ಬರದದ್ದು. ನನಗ ಹೇಳೂದಿದ್ರ ನನ್ನ ಹೆಸರಿಗೆ ಬರೀಲಿ," ಅಂದಳು.

ಬರೆ ಅಕ್ಕಾ.

ಗುರುಸಿದ್ದ


ಬಿಟಿಎಂ ಲೇಔಟ್
9 ಜೂನ್ 1996

ಅವ್ವಾ,

ನಿನ್ನ ಹೆಸರಿಗೆ ನಾನು ಬರೆಯುತ್ತಿರುವುದು ಇದೇ ಮೊದಲು. ಗುರುಸಿದ್ದ ಓದುತ್ತಾನೆ ಅಂತ ಗೊತ್ತು, ಆದರೂ ನಿನ್ನ ಮುಂದೆಯೇ ನಿಂತ ಹಾಗಿದೆ.

ಇಲ್ಲಿ ನಾನು ಆರಾಮಾಗಿದ್ದೇನೆ. ಸೂಪರ್‌ವೈಸರ್ ಬೆಳಿಗ್ಗೆಯಿಂದ ಸಂಜೆಯ ತನಕ, "ಗರ್ಲ್ಸ್, ಬೇಗ ಬೇಗ!" ಅಂತ ಕೂಗುತ್ತಾನೆ. ನನ್ನ ಪಕ್ಕದಲ್ಲಿ ಕೂಡುವ ಮರಿಯಮ್ಮ ವಿಲ್ಸನ್ ಗಾರ್ಡನ್ನಿನವಳು. "ನಂಗ್ ಮೊಮ್ಮಗ ಹುಟ್ಟಾಯ್ತು, ಇವ್ನಿಗೆ ನಾನಿನ್ನೂ ಗರ್ಲು!" ಅಂತ ನಗುತ್ತಾಳೆ. ಎಲ್ಲರ ಜೊತೆ ನಾನೂ ನಗುತ್ತೇನೆ. ಮಧ್ಯಾಹ್ನ ಎಲ್ಲರೂ ಡಬ್ಬಿ ತೆಗೆದು ಸುತ್ತ ಕೂಡುತ್ತೇವೆ. ಮೊದಮೊದಲು ನಾನು ಡಬ್ಬಿ ತೆಗೆದು ಹಾಗೆಯೇ ಮುಚ್ಚುತ್ತಿದ್ದೆ. ಎಲೆ ಮಡಚಿಕೊಂಡ ನಿನ್ನ ಕೈ ಕಾಣುತ್ತಿತ್ತು.

ಕಳೆದ ಭಾನುವಾರ ಮೇಡಂ ಈ ಖೋಲಿಗೆ ಬಂದಿದ್ದರು, ಅರ್ಪಿತಳನ್ನೂ ಕರೆತಂದಿದ್ದರು. ಕೂಡಲು ಕುರ್ಚಿ ಇರಲಿಲ್ಲ. ಚಾಪೆಯ ಮೇಲೆ ಕೂತರು. "ವಾಪಸ್ ಬಾ ಮಧು. ನಿನ್ನ ನಮ್ಮನೆ ಮಗಳ ಥರಾನೇ ನೋಡ್ಕೊಂಡಿದ್ವಲ್ಲ," ಅಂದರು. ಬೇರೆ ಕೆಲಸದವರು ಯಾರೂ ನಿಲ್ಲುತ್ತಿಲ್ಲವಂತೆ. ನಾನು ಬರುವುದಿಲ್ಲ ಅಂದೆ. ಆಗ ಅವರು, "ಅವತ್ತು ನಾನೇ ಹೇಳ್ಬೇಕಿತ್ತು, ಕೂತಿರ್ಲಿ ಬಿಡಿ ಅಂತ. ಅತ್ತೆ ಎದುರು ಬಾಯೇ ಬರ್ಲಿಲ್ಲ ಕಣೆ," ಅಂದರು. ಅವರ ಕಣ್ಣು ತುಂಬಿತ್ತು. ನನಗೆ ಅವರ ಮೇಲೆ ಸಿಟ್ಟೇ ಬರಲಿಲ್ಲ ಅವ್ವಾ. ಅತ್ತೆಯ ಎದುರು ಅವರಿಗೆ ಬಾಯಿ ಬರಲಿಲ್ಲ. ನನಗೆ ಬಾಯಿ ಬಂತು, ಅದೂ ನಿನ್ನ ಮೇಲೆ.

ತಪ್ಪಾಯಿತು ಅಂತ ಬರೆಯಲು ಈ ಕಾಗದ ಹಿಡಿದು ಎಷ್ಟೋ ದಿನವಾಯಿತು. ಬರೆದರೆ ಆ ಪದ ಬಹಳ ಸಣ್ಣದಾಗಿ ಕಾಣುತ್ತದೆ.

ಒಂದು ಮಾತು ಕೇಳಬೇಕು. ನಾನು ಎಲ್ಲರ ಮುಂದೆ ಅಷ್ಟು ಅಂದಾಗ, 'ನೀನ ಕೂಡಿಸಿದಿ' ಅಂತ ನೀನು ಯಾಕೆ ಅನ್ನಲಿಲ್ಲ? ಒಂದೇ ಮಾತು ಅಂದಿದ್ದರೆ ಎಲ್ಲರಿಗೂ ನಿಜ ತಿಳಿಯುತ್ತಿತ್ತು. ಊರಿಗೆ ಹೋದ ಮೇಲೂ ಯಾರ ಮುಂದೆಯೂ ಯಾಕೆ ಹೇಳಲಿಲ್ಲ? ನೀನು ಬೈದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ನಿನ್ನ ಮಗಳು,
ಮಧುಮತಿ


ಗುಳೇದಗುಡ್ಡ
28 ಜೂನ್ 1996

(ಅಕ್ಕಾ, ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ತಿದ್ದಬೇಡ ಅಂದಿದ್ದಾಳೆ. ಗುರುಸಿದ್ದ)

ಮಗಳ ಮಧುಮತಿ,

ನಿನ್ನ ಕಾಗದಾ ಕೇಳಿದೆ. ನಿಮ್ಮಪ್ಪನೂ ಕೇಳಿದ. ಕೇಳಿ ಗ್ವಾಡೀ ಕಡೆ ಮಾರಿ ಮಾಡಿ ಮಲಗಿದಾಂವ ಸಂಜೀತನಾ ಏಳ್ಲಿಲ್ಲ. ನಿನ್ನ ಮ್ಯಾಲ ಸಿಟ್ಟಲ್ಲ, ಅಂವಗ ಅಂವನ ಮ್ಯಾಲ.

ನೀ ಕೇಳಿದ್ದಕ್ಕ ಹೇಳ್ತೀನಿ. ಕಾಲು ತೊಳ್ಕೊಳ್ಳಾಕ ಹಿತ್ತಲಿಗೆ ಹೋದ್ನೆಲ್ಲಾ, ಅಲ್ಲಿ ಕಿಟಕ್ಯಾಗ ಒಂದು ಗಂಗಾಳ, ಒಂದು ಲೋಟ ಬ್ಯಾರೆ ಇಟ್ಟಿದ್ರು. ಹೊಸಾ ಮನೀಗೆ ದೇವರಕಿಂತ ಮೊದ್ಲ ಅವು ಬಂದಿದ್ವು. ಯಾರವು ಅಂತ ಭಟ್ಟರ ಆಳಿಗೆ ಕೇಳಿದೆ. "ಕೆಲಸದ ಹುಡುಗೀದು," ಅಂದ. ನನಗ ಅಲ್ಲೇ ತಿಳೀತು. ಇಂಗ್ಲಿಷ್ ತಿಳ್ಯಾಕ ಸಾಲಿ ಬೇಕಾಗತೈತಿ, ಇದನ್ನ ತಿಳ್ಯಾಕ ಏನೂ ಬ್ಯಾಡ. ಅದಕ್ಕ ನಿನಗ ಹಿಂದ ಕುಂದರ್ತೀನಿ ಅಂದೆ.

ನೀ ಕೈ ಹಿಡಿದು ಜಗ್ಗಿದಿ. ಇದು ನಮ್ಮ ಮನೀ ಅಂದಿ. ನಿನ್ನ ಮಾರ್ಯಾಗ ಎಷ್ಟು ಬೆಳಕಿತ್ತಂದ್ರ, ನೀ ಸಣ್ಣಾಕಿದ್ದಾಗೂ ನಾ ಅಷ್ಟು ನೋಡಿದ್ದಿಲ್ಲ. ಎಬ್ಬಸ್ತಾರ ಅಂತ ಗೊತ್ತಿದ್ದ ಕುಂತೆ. ಅರ್ಧಾ ಊಟದಾಗ ಎಬ್ಬಿಸಿದ್ರ ಎಬ್ಬಿಸಲಿ, ಅಲ್ಲೀತನಾ ನನ್ನ ಮಗಳು ನಕ್ಕೋತ ಇರ್ಲಿ ಅಂತ ಕುಂತೆ. ಅವರು ಅಷ್ಟು ಲಗೂನ ಎಬ್ಬಿಸಿದ್ರು.

ನೀ ಬೈದದ್ದು ಮನಸಿಗೆ ಹತ್ತಿತು. ಹತ್ತಲಿಲ್ಲ ಅಂದ್ರ ಸುಳ್ಳು. ಆದ್ರ ನೀ ಬೈದದ್ದು ನನಗಲ್ಲ ಅಂತ ನನಗ ತಿಳೀತು. ನಿನಗ ನೀನ ಬೈಕೊಂಡಿ. ಅದನ್ನ ಅಷ್ಟು ಮಂದ್ಯಾಗ ಹ್ಯಾಂಗ ಹೇಳಲಿ? ನೀ ಕೂಡಿಸಿದಿ ಅಂದಿದ್ರ, ನನ್ನ ಬಿಟ್ಟು ನಿನ್ನ ನೋಡಿ ನಗ್ತಿದ್ರು.

ನಾ ಊರಿಗೆ ಬಂದು ಯಾಕ ಹೇಳ್ಲಿಲ್ಲ ಅಂತ ಕೇಳೀಯಲ್ಲ. ಇದನ್ನ ಗುರುಸಿದ್ದನ ಕೈಲೆ ಬರಸಾಕೂ ನಾಚಿಕಿ ಆಗತೈತಿ, ಆದ್ರೂ ಬರಸ್ತೀನಿ. ಆ ಲೋಟಾ ನೋಡಿದ ಮ್ಯಾಲ ನಾ ನಿನ್ನ ಕೈ ಹಿಡಿದು, ನಡಿ ಮಗಳ, ಅರ್ಧಾ ರೊಟ್ಟಿ ತಿಂದು ಇರೂಣು ಅನ್ನಬೇಕಿತ್ತು. ಅನ್ನಲಿಲ್ಲ. ಈಕಿ ಬಂದ್ರ ನಿಮ್ಮಪ್ಪನ ಔಷಧಕ್ಕ ಏನು, ಗುರುಸಿದ್ದನ ಫೀಜಿಗೆ ಏನು ಅಂತ ಮನಸಿನ್ಯಾಗ ಬಂತು. ಎಲ್ಲಾ ತಿಳದು, ನಿನ್ನ ಆ ಮನ್ಯಾಗ ಬಿಟ್ಟು ನಾ ಒಬ್ಬಾಕಿ ಬಸ್ ಹತ್ತಿ ಬಂದೆ. ಓಣ್ಯಾಗ, ಮಗಳಗತೆ ನೋಡ್ಕೊಂಡಾರ ಅಂತ ಹೇಳ್ಕೋತ ತಿರುಗಿದೆ. ನಿನ್ನ ನಾಚಿಕಿ ನೀ ಬರದಿ. ನಂದು ಇದು. ಇದರ ಮುಂದ ನಿಂದು ಸಣ್ಣದು.

ಗುರುಸಿದ್ದ ಅಳಾಕ ಹತ್ಯಾನ, ಅಕ್ಷರ ಸರಿ ಬರಾಂಗಿಲ್ಲ. ಮುಗಸ್ತೀನಿ.

ಮುಂದಿನ ಶನಿವಾರ ಸಂಜಿ ಬಸ್ಸಿಗೆ ಬರ್ತೀನಿ. ಒಬ್ಬಾಕೀನ ಬರ್ತೀನಿ, ಅಂಜಿಕಿಲ್ಲ. ಏನೂ ಕಟ್ಟಿಕೊಂಡು ಬರಾಂಗಿಲ್ಲ. ರವಿವಾರ ನಸುಕಿನ್ಯಾಗ ಮೆಜೆಸ್ಟಿಕ್ಕಿನಾಗ ನಿಂತಿರು. ಈ ಸಲ ದಾನಮ್ಮನ್ನ ಕಳಸಬ್ಯಾಡ, ನೀನ ಬಾ.

ನಿನ್ನ ಅವ್ವ,
ತಂಗೆವ್ವ